ಮೊದಲೇ ಹೇಳಿಬಿಟ್ಟ ಧನ್ಯವಾದ

ಹೊಸದಾಗಿ ಪ್ರಿಂಟಾದ ಫ್ಲೆಕ್ಸಿಗೊಂದು ವಾಸನೆ ಇರುತ್ತದೆ. ಸೀಮೆಎಣ್ಣೆಯಲ್ಲ, ಉಗುರುಬಣ್ಣವೂ ಅಲ್ಲ. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟ ಹಾಗೆ. ಕಳೆದ ವಾರ ನಮ್ಮ ವರ್ಕ್‌ಶಾಪಿನ ನಾಮಫಲಕ ಮಾಡಿಸಲು ಪೀಣ್ಯದ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಂತ್ರದಿಂದ ಆಗತಾನೇ ಇಳಿದ, ಯಾರದೋ ಹುಟ್ಟುಹಬ್ಬದ ಹಾಳೆಯನ್ನು ನೆಲದ ಮೇಲೆ ಬಿಚ್ಚಿದ. ಹೊರಗೆ ಬಂದು, ನಿಂತಿದ್ದ ಗೂಡ್ಸ್ ಆಟೋದ ನೆರಳಿನಲ್ಲಿ ಉಗುಳಿದೆ, ಮತ್ತೆ ಉಗುಳಿದೆ. ಊಟ ಆಗಿಲ್ವಾ ಸಾರ್ ಎಂದು ಆತ ಕೇಳಿದ. ಆಗಿತ್ತು.

ಇಲ್ಲಿಂದ ಮುಂದಕ್ಕೆ ‘ಆ ಬೇಸಿಗೆ ಕಣ್ಣ ಮುಂದೆ ಬಂತು’ ಎಂದು ಬರೆಯುವುದು ಸುಲಭ. ಬರಲಿಲ್ಲ. ಬಂದದ್ದು ಬಾಯಲ್ಲಿ ಕಬ್ಬಿಣದ ರುಚಿ, ಅಷ್ಟೇ. ಬೇಸಿಗೆಯನ್ನು ನಾನು ಈಗ ಕೂತು ಜೋಡಿಸುತ್ತಿದ್ದೇನೆ. ಜೋಡಿಸಿದಷ್ಟೂ ಅದು ಇದ್ದದ್ದಕ್ಕಿಂತ ಚೊಕ್ಕಟವಾಗುತ್ತಾ ಹೋಗುತ್ತದೆ. ನೆನಪಿನ ಈ ಚೊಕ್ಕಟತನದ ಮೇಲೆ ನನಗೆ ನಂಬಿಕೆಯಿಲ್ಲ. ಎಲ್ಲಿ ಅದು ಜಾಸ್ತಿಯಾಯಿತೆಂದು ಗೊತ್ತಾಗುತ್ತದೋ ಅಲ್ಲಿ ಹೇಳುತ್ತೇನೆ.

ಬೀದಿಯ ಹೆಸರು ಬೇಡ, ಶಾಸಕರ ಹೆಸರೂ ಬೇಡ. ಪೀಣ್ಯದ ಸುತ್ತ ಅಂಥ ಬೀದಿಗಳು ಬೇಕಾದಷ್ಟಿವೆ. ಒಂದು ಕಡೆ ಬಾಡಿಗೆ ರೂಮುಗಳು, ಎದುರಿಗೆ ತಗಡಿನ ಶೆಡ್ಡುಗಳು. ನಮ್ಮ ಬೀದಿಯ ಶೆಡ್ಡುಗಳು ಪ್ಲೇಟಿಂಗಿನವು. ನಟ್ಟು, ಬೋಲ್ಟು, ಕೊಳಾಯಿಯ ತಿರುಪುಗಳನ್ನು ರಾಸಾಯನಿಕದ ತೊಟ್ಟಿಗಳಲ್ಲಿ ಅದ್ದಿ ಹೊಳಪು ಹಿಡಿಸುವಂಥವು. ಹೊಳಪು ಲಾರಿ ಹತ್ತಿ ಹೋಗುತ್ತಿತ್ತು. ತೊಟ್ಟಿಯ ನೀರು ಮೋರಿಗೆ ಹೋಗಿ, ಮೋರಿಯಿಂದ ನೆಲಕ್ಕೆ ಇಳಿಯುತ್ತಿತ್ತು. ನಾನು ಅಲ್ಲೇ ಒಂದು ಮಶೀನ್ ಶಾಪಿನಲ್ಲಿ ಡ್ರಾಯಿಂಗ್ ಮಾಡುವವನು. ಹಾಳೆಯ ಮೂಲೆಯಲ್ಲಿ ‘ಕ್ರೋಮ್ ಫಿನಿಶ್’ ಎಂದು ಬರೆಯುವವನೂ ನಾನೇ. ನಾನು ಬರೆದ ಆ ಎರಡು ಪದಗಳು ಊರೆಲ್ಲ ಸುತ್ತಿ ಕೊನೆಗೆ ನನ್ನ ಮನೆಯ ನಲ್ಲಿಯಲ್ಲೇ ಬೀಳುತ್ತಿದ್ದವು.

ನೀರು ಹಳದಿ. ತೀರಾ ಕಣ್ಣಿಗೆ ಹೊಡೆಯುವಷ್ಟಲ್ಲ. ಬಿಳಿ ಬಕೆಟ್ಟಿನಲ್ಲಿ ಹಿಡಿದರೆ ಮಾತ್ರ ಗೊತ್ತಾಗುವಷ್ಟು. ಅದಕ್ಕೇ ಬೀದಿಯವರು ಬಿಳಿ ಬಕೆಟ್ ಕೊಳ್ಳುವುದನ್ನೇ ಬಿಟ್ಟಿದ್ದರು. ಎಲ್ಲರ ಬಚ್ಚಲಲ್ಲೂ ನೀಲಿ, ಕೆಂಪು, ಕಡುಹಸಿರು. ಹಾಗೆ ಮಾಡೋಣವೆಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಕಟ್ಟಡದ ಮಾಲೀಕ ಮುನಿರಾಜು. ಆ ಊರಿನ ಮೂಲದವನು. ಅಪ್ಪ ರಾಗಿ ಬಿತ್ತುತ್ತಿದ್ದ ನೆಲದ ಮೇಲೆ ಅವನು ಮೂರು ಅಂತಸ್ತು ಎಬ್ಬಿಸಿ, ಸಾಲು ರೂಮು ಹಾಕಿ, ಎಲ್ಲದಕ್ಕೂ ಒಂದೇ ಬೋರ್‌ವೆಲ್ ಕೊರೆಸಿದ್ದ. ಅವನ ಸ್ವಂತ ಮನೆಗೆ ಮಾತ್ರ ಕ್ಯಾನ್ ನೀರು ಬರುತ್ತಿತ್ತು. ನಾನು ಮೇಲಿನ ಮಹಡಿಯಲ್ಲಿದ್ದೆ. ಮೆಟ್ಟಿಲ ಪಕ್ಕದ ಕೆಳಗಿನ ರೂಮಿನಲ್ಲಿ ಯಲ್ಲವ್ವ ಇದ್ದಳು. ಕೊಪ್ಪಳದ ಕಡೆಯವಳು, ಗಂಡ ಹೋದ ಮೇಲೆ ಇಲ್ಲಿಗೆ ಬಂದು ಒಂದು ಕಾರ್ಖಾನೆಯಲ್ಲಿ ನೆಲ ಒರೆಸುವ ಕೆಲಸ ಹಿಡಿದವಳು. ಅವಳ ಒಬ್ಬಳೇ ಮಗಳು ಶಾಂತಾ ಗಂಡನ ಊರಿನಲ್ಲಿ ಬಸುರಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಯಲ್ಲವ್ವನಿಗೆ ಊರಲ್ಲಿ ಮನೆ ಉಳಿದಿರಲಿಲ್ಲ, ತವರು ಎಂದರೆ ಈ ರೂಮೇ. ಅವರ ಕಡೆ ಕುಬಸ ಎನ್ನುವ ಸೀಮಂತದ ದಿನ ಬೀಗರೆಲ್ಲರ ಮುಂದೆ, ಬಾಣಂತನ ನಾನೇ ಮಾಡುತ್ತೇನೆಂದು ಎದೆ ತಟ್ಟಿ ಹೇಳಿ ಬಂದಿದ್ದಳು. ಬಂದ ಸಂಜೆ ನಲ್ಲಿ ಬಿಟ್ಟು, ಬಿರುಕು ಬಿಟ್ಟ ತನ್ನ ಬೆರಳುಗಳ ಮೇಲೆ ನೀರು ಬೀಳುವುದನ್ನೇ ನೋಡುತ್ತಾ ನಿಂತಿದ್ದಳು. ನಾನು ಮೆಟ್ಟಿಲು ಹತ್ತುತ್ತಿದ್ದೆ.

“ಸರ,” ಅಂದಳು, “ಈ ನೀರು ಹಸಗೂಸಿಗೆ ಎರಿಯಾಕ ಬರ್ತೈತೇನ್ರಿ?”

ಬರುವುದಿಲ್ಲ ಅಂದೆ. ಎಲ್ಲ ಶುರುವಾದದ್ದು ಅಲ್ಲಿಂದ. ನಾವು ಶಾಸಕರ ಬಳಿ ಹೋದದ್ದು ನದಿ ಉಳಿಸಲಿಕ್ಕಲ್ಲ, ನಾಡು ಉಳಿಸಲಿಕ್ಕಲ್ಲ. ಮುಂದಿನ ತಿಂಗಳುಗಳಲ್ಲಿ ಹುಟ್ಟಲಿದ್ದ ಒಂದು ಕೂಸಿಗೆ ಮೈಮೇಲೆ ಸುರಿಯುವಂಥ ನೀರು ಬೇಕಿತ್ತು.

ಮನವಿ ನಾನು ಬರೆದೆ. ಎರಡೇ ಬೇಡಿಕೆ. ನಮ್ಮ ಬೋರ್‌ವೆಲ್ ಮುಚ್ಚಿಸಿ ಬೀದಿಗೆ ಕಾವೇರಿ ನೀರಿನ ಪೈಪು ಹಾಕಿಸಬೇಕು. ಶೆಡ್ಡುಗಳ ಹೊಲಸು ನೀರನ್ನು ಶುದ್ಧ ಮಾಡುವ ಏರ್ಪಾಡು ಆಗುವವರೆಗೆ ಹೊಸ ಶೆಡ್ಡಿಗೆ ಅನುಮತಿ ಕೊಡಬಾರದು, ಇದನ್ನು ಸದನದಲ್ಲಿ ಕೇಳಬೇಕು. ಮುನಿರಾಜು ಓದಿಸಿಕೊಂಡು, ಒಂದು ದೊಡ್ಡ ಪದ ಹಾಕಿ ಸಾ, ಇಲ್ದಿದ್ರೆ ಅವ್ರು ಓದಲ್ಲ ಅಂದ. ಹಾಕಿದೆ: ಸುಸ್ಥಿರ ಅಭಿವೃದ್ಧಿ. ಆ ಪದವನ್ನು ಈಗ ಎಲ್ಲಿ ಕಂಡರೂ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ.

ಅಧಿವೇಶನ ನಡೆಯುತ್ತಿತ್ತು. ನಮ್ಮ ಶಾಸಕರು ಬೆಳಗಿನ ಹೊತ್ತು ಶಾಸಕರ ಭವನದ ಕೋಣೆಯಲ್ಲಿ ಜನರನ್ನು ನೋಡುತ್ತಾರೆಂದು ಗೊತ್ತಾಗಿ ಮುನಿರಾಜು, ಯಲ್ಲವ್ವ, ನಾನು ಮೂವರೂ ಹೋದೆವು. ಕಾರಿಡಾರಿನಲ್ಲಿ ಫಿನಾಯಿಲು ಮತ್ತು ಸಾಂಬಾರಿನ ವಾಸನೆ. ಗೋಡೆಗೆ ಒರಗಿ ನಿಂತವರೆಲ್ಲರ ಕೈಯಲ್ಲೂ ಹಾರ. ಒಳಗೆ ಹೋದವರು ಹಾರ ಹಾಕಿ ಹೊರಬೀಳುವಷ್ಟರಲ್ಲಿ ಶಾಸಕರ ಕಡೆಯವರು ಅದನ್ನು ತೆಗೆದು ಬಚ್ಚಲಿನ ಬಕೆಟ್ಟಿಗೆ ತುರುಕುತ್ತಿದ್ದರು; ಬಾಗಿಲು ಅರ್ಧ ತೆರೆದಿತ್ತು, ತುಂಬಿ ಹೊರಚೆಲ್ಲಿದ ಸೇವಂತಿಗೆ ಕಾಣುತ್ತಿತ್ತು. ನಾವು ಹಾರ ತಂದಿರಲಿಲ್ಲ. ಬಾಟಲಿಯಲ್ಲಿ ನೀರು ತಂದಿದ್ದೆವು.

ಶಾಸಕರು ಆಗಷ್ಟೇ ದೋಸೆ ಮುಗಿಸಿ ಕೈ ಚಾಚಿ ಕೂತಿದ್ದರು. ಅವರ ಪಿ.ಎ. ಕಂಪನಿ ನೀರಿನ ಹೊಸ ಬಾಟಲಿಯೊಂದರ ಸೀಲು ಮುರಿದು ಅವರ ಕೈಗೆ ಸುರಿದ. ಪೂರ್ತಿ ಬಾಟಲಿ ಹೋಯಿತು. ಯಲ್ಲವ್ವ ಆ ನೀರು ಬೇಸಿನ್ನಿನಲ್ಲಿ ಇಳಿಯುವುದನ್ನು ನೋಡುತ್ತಿದ್ದಳೆಂದು ನನಗೆ ನೆನಪು. ಅವಳು ನೋಡಿರಲಿಕ್ಕಿಲ್ಲ. ನೋಡಿದವನು ನಾನಿರಬಹುದು. ನೀರು ಸುರಿದದ್ದಂತೂ ಖಂಡಿತ.

ಮುನಿರಾಜು ನಮ್ಮ ಬಾಟಲಿಯನ್ನು ಮೇಜಿನ ಮೇಲಿಟ್ಟ. ಪಿ.ಎ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಏನ್ರೀ ಇದು, ಮನೇಲಿ ಅರಿಶಿಣ ಕಲಸ್ಕೊಂಡ್ ಬಂದಿದ್ದೀರಾ?”

ಕೋಣೆಯಲ್ಲಿದ್ದವರು ನಕ್ಕರು. ಶಾಸಕರೂ ನಕ್ಕರು. ಮುನಿರಾಜುವೂ ನಕ್ಕ, ಆಳುವವರು ನಕ್ಕಾಗ ಜೊತೆಗೆ ನಗುವ ಒಂದು ಅಭ್ಯಾಸ ನಮ್ಮ ದವಡೆಯಲ್ಲೇ ಇದೆ. ಯಲ್ಲವ್ವ ಮಾತ್ರ ನಗದೆ, ಮಗಳ ವಿಷಯ ಹೇಳಿದಳು. ಶಾಸಕರು ಗಂಭೀರರಾದರು. ನಿನ್ನ ಮಗಳು ನನ್ನ ಮಗಳಿದ್ದ ಹಾಗಮ್ಮ ಅಂದರು, ಮನವಿಯ ಮೇಲೆ ಕಣ್ಣಾಡಿಸಿ ಸುಸ್ಥಿರ ಅಭಿವೃದ್ಧಿ ಎಂದು ಜೋರಾಗಿ ಓದಿದರು, ಯಾರ್ರೀ ಬರೆದದ್ದು, ಚೆನ್ನಾಗಿದೆ ಎಂದು ನನ್ನ ಕಡೆ ನೋಡಿದರು, ಇದೇ ಅಧಿವೇಶನದಲ್ಲಿ ಎತ್ತುತ್ತೇನೆಂದು ಮಾತು ಕೊಟ್ಟರು. ನಾನು ಉಬ್ಬಿದೆ. ಬಸ್ಸಿನಲ್ಲಿ ಬರುವಾಗಲೂ ಉಬ್ಬಿಕೊಂಡೇ ಇದ್ದೆ.

ಹೊರಡುವಾಗ ಪಿ.ಎ. ಮುನಿರಾಜುವಿನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ. ನಿಮ್ಮ ಬೀದಿಯಲ್ಲಿ ಸಾಹೇಬರ ಒಂದು ಫೋಟೋನೂ ಕಾಣಲ್ಲ ಅಂದನಂತೆ. ಹಾಗೆಂದು ಮುನಿರಾಜು ಆಮೇಲೆ ಹೇಳಿದ್ದು, ನನಗೆ ಕೇಳಿಸಲಿಲ್ಲ.

ಮಾರನೆಯ ದಿನ ಮೆಟ್ಟಿಲ ಮೇಲೆ ಬೀದಿಯವರ ಸಭೆ. ಕೆಲಸ ಆಗುವ ಮೊದಲೇ ಧನ್ಯವಾದದ ಫ್ಲೆಕ್ಸ್ ಹಾಕಿಬಿಡೋಣ ಎಂದು ಮುನಿರಾಜು ಸಲಹೆ ಕೊಟ್ಟ. ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಕಡೆ ರಸ್ತೆ ಬರುವ ಮೊದಲು ರಸ್ತೆಗೆ ಧನ್ಯವಾದ ಬರುತ್ತದೆ, ದೀಪ ಬರುವ ಮೊದಲು ದೀಪಕ್ಕೆ.

“ಶುದ್ಧ ನೀರು ಕೊಟ್ಟವ್ರೆ ಅಂತ ಆಕ್ಬುಡಾನ ಸಾ. ಏರಿಯಾ ಜನ ಎಲ್ಲಾ ಓದ್ತಾರೆ. ಆಮ್ಯಾಕೆ ಅವ್ನು ಕೊಡ್ದೆ ಎಲ್ಲೋಯ್ತಾನೆ? ಮಾನ ಓಯ್ತದಲ್ಲ.”

ಎಲ್ಲರಿಗೂ ಹಿಡಿಸಿತು. ನನಗೂ ಹಿಡಿಸಿತು. ಶಾಸಕರನ್ನು ಅವರ ಹೊಗಳಿಕೆಯಲ್ಲೇ ಕಟ್ಟಿಹಾಕುವುದು ಎಂಥ ಜಾಣತನ ಅನ್ನಿಸಿತು. ಮಾನ ಎಂಬ ಒಂದು ಹಗ್ಗ ಅವರ ಕಾಲಿಗೆ ಇದೆಯೆಂದು ನಾವೆಲ್ಲ ನಂಬಿದ್ದೆವು. ಕೆಳಗಿನ ಮೆಟ್ಟಿಲಿನಲ್ಲಿ ಅಕ್ಕಿ ಆರಿಸುತ್ತಿದ್ದ ಯಲ್ಲವ್ವ ತಲೆ ಎತ್ತದೆ ಅಂದಳು:

“ಹರಕಿ ಮೊದಲ ತೀರಿಸಿಬಿಟ್ರ ದೇವರಿಗೇನು ಗರಜು ಇರತೈತ್ರಿ?”

ನಕ್ಕೆವು. ನಿಂದೊಳ್ಳೆ ಕಥೆ ಅಂದ ಮುನಿರಾಜು. ಅವಳ ಫೋಟೋವನ್ನೂ ಹಾಕಿಸುತ್ತೇನೆಂದು ಸಮಾಧಾನ ಮಾಡಿದ.

ಫ್ಲೆಕ್ಸನ್ನು ಬೀದಿಯ ಬಾಯಿಗೆ, ಶೆಡ್ಡುಗಳಿಗೆ ಮುಖ ಮಾಡಿ ಕಟ್ಟಿದರು. ಕೈ ಮುಗಿದ ಶಾಸಕರು ಆಳೆತ್ತರ, ಅವರ ಹಿಂದೆ ಎಲ್ಲಿಯದೋ ಜಲಪಾತ. ನಮ್ಮ ಬೀದಿಗೆ ಶುದ್ಧ ನೀರು ಕೊಟ್ಟ ಸುಸ್ಥಿರ ಅಭಿವೃದ್ಧಿಯ ಹರಿಕಾರರಿಗೆ ಹೃತ್ಪೂರ್ವಕ ಧನ್ಯವಾದಗಳು. ಕೆಳಗೆ ಸಾಲಾಗಿ ಬೀದಿಯವರ ಚಿಕ್ಕ ಮುಖಗಳು, ಕೊನೆಯದು ಯಲ್ಲವ್ವನದು. ವಾಸನೆ ಇನ್ನೂ ಹಸಿಯಾಗಿತ್ತು. ಅವಳು ಬಗ್ಗಿ ತನ್ನ ಚಿತ್ರ ನೋಡಿಕೊಂಡು, ನನ್ನ ಮಾರೀನೂ ಹಳದಿ ಮಾಡ್ಯಾರ ಅಂದಳು. ನಿಜ, ಅವಳ ಮುಖದ ಪ್ರಿಂಟು ಹಾಗೇ ಬಂದಿತ್ತು.

ಪಿ.ಎ. ಬಹಳ ಖುಷಿಯಾಗಿ ಸದನ ನೋಡಲು ಪಾಸು ಕಳಿಸಿದ. ಯಲ್ಲವ್ವ ಅರ್ಧ ದಿನ ರಜೆ ಹಾಕಿದಳು. ಪ್ರೇಕ್ಷಕರ ಗ್ಯಾಲರಿಯಲ್ಲಿ ಫೋನು ಕೊಟ್ಟುಬಿಡಬೇಕು, ಚಪ್ಪಾಳೆ ತಟ್ಟಬಾರದು, ಮಾತಾಡಬಾರದು, ಕಾಲ ಮೇಲೆ ಕಾಲು ಹಾಕಬಾರದು. ಮೇಲಿನಿಂದ ಕಾಣುವುದು ತಲೆಗಳು, ಬಣ್ಣ ಹಾಕಿದ ಕೂದಲಿನ ಬುಡದಲ್ಲಿ ಬೆಳ್ಳಗಿನ ಗೆರೆಗಳು. ಎಸಿ ತಣ್ಣಗೆ ಕೊರೆಯುತ್ತಿತ್ತು.

ನಮ್ಮ ಶಾಸಕರು ಎದ್ದರು. ನಮ್ಮ ಬೀದಿಯ ಹೆಸರು ಹೇಳಿದರು. ತಮ್ಮ ಕ್ಷೇತ್ರದಲ್ಲಿ ನೀರಿನ ಸಮಸ್ಯೆಗೆ ಸರ್ಕಾರ ಸ್ಪಂದಿಸಿದೆ ಅಂದರು. ಮಾನ್ಯ ಅಧ್ಯಕ್ಷರೇ, ನನ್ನ ಜನ ತಾವಾಗಿಯೇ ಬ್ಯಾನರ್ ಕಟ್ಟಿ ಕೃತಜ್ಞತೆ ಸಲ್ಲಿಸಿದ್ದಾರೆ, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಅಂದರು. ಇದು ಸುಸ್ಥಿರ ಅಭಿವೃದ್ಧಿಯ ಮಾದರಿ, ಆದ್ದರಿಂದ ಬೀದಿಯ ಹಿಂದೆ ಖಾಲಿ ಬಿದ್ದಿರುವ ಜಾಗದಲ್ಲಿ ಇನ್ನಷ್ಟು ಘಟಕಗಳಿಗೆ ಬೇಗ ಅನುಮತಿ ಕೊಡಿಸಬೇಕು ಅಂದರು. ಮಂತ್ರಿಗಳು ಪರಿಶೀಲಿಸುವುದಾಗಿ ಹೇಳಿದರು. ಮೇಜು ತಟ್ಟಿದ ಸದ್ದು ಬಂತು. ಪಕ್ಕದಲ್ಲಿ ಮುನಿರಾಜುವಿನ ಮುಖ ನೋಡಿದೆ. ಬೀದಿಯ ಹೆಸರು ವಿಧಾನಸೌಧದಲ್ಲಿ ಕೇಳಿದ ಹೆಮ್ಮೆ ಅವನ ತುಟಿಯ ಮೇಲೆ ಇನ್ನೂ ಇತ್ತು, ಮಿಕ್ಕದ್ದು ಅರ್ಥವಾಗಿ ಅದು ಇಳಿಯಲಿಕ್ಕೆ ಸಮಯ ತೆಗೆದುಕೊಂಡಿತು.

ಈ ಘಟನೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಯಲ್ಲವ್ವ ಗ್ಯಾಲರಿಯಲ್ಲಿ ಎದ್ದು ನಿಂತು ‘ಸುಳ್ಳು’ ಎಂದು ಕೂಗುತ್ತಾಳೆ, ಮಾರ್ಷಲ್‌ಗಳು ಅವಳನ್ನು ಹೊರಗೆ ಕರೆದೊಯ್ಯುತ್ತಾರೆ. ಕೇಳಿದವರಿಗೆ ರೋಮಾಂಚನ. ಮುನಿರಾಜು ಕೂಡ ಈಗ ಹಾಗೇ ಹೇಳುತ್ತಾನೆ. ಅವಳು ಕೂಗಲಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು, ಮೆತ್ತನೆಯ ಕುರ್ಚಿ, ತಂಪು. ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಕಥೆಯಲ್ಲಿ ಅವಳನ್ನು ಎಬ್ಬಿಸಿ ಕೂಗಿಸಿದ್ದು ನಮ್ಮ ಹೇಡಿತನ. ನಮ್ಮ ಮೂವರಲ್ಲಿ ಎಚ್ಚರವಿದ್ದದ್ದು ಇಬ್ಬರು ಗಂಡಸರು, ಇಬ್ಬರೂ ಕಾಲು ಜೋಡಿಸಿ, ಕೈ ತೊಡೆಯ ಮೇಲಿಟ್ಟು ಕೂತಿದ್ದೆವು.

ಹೊರಗೆ ಮರದ ಕೆಳಗೆ ಸೌತೆಕಾಯಿ ಮಾರುತ್ತಿದ್ದರು. ಉಪ್ಪುಖಾರ ಹಚ್ಚಿಸಿಕೊಂಡು ತಿನ್ನುತ್ತಾ, ಏನಂದ್ರಿ ಸಾಹೇಬರು ಎಂದು ಅವಳು ಕೇಳಿದಳು. ಮುನಿರಾಜು ಬಸ್ಸು ನೋಡುವ ನೆಪದಲ್ಲಿ ದೂರ ಹೋದ. ನಾನು ಹೇಳಿದೆ. ಅವಳು ಜಗಿಯುವುದನ್ನು ನಿಲ್ಲಿಸಲಿಲ್ಲ.

“ಅಂದ್ರ, ನೀರು ಕೊಟ್ಟೀವಿ ಅಂತ ಬರಕೊಂಡ್ರು. ಇನ್ನ ಯಾರ್ನ ಕೇಳೂದ್ರಿ?”

ಫ್ಲೆಕ್ಸನ್ನಾದರೂ ಕೀಳೋಣವೆಂದೆ. ಆಗದು. ಶಾಸಕರ ಮುಖವಿರುವ ಫ್ಲೆಕ್ಸನ್ನು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ, ಇಳಿಸುವುದಕ್ಕೆ ಮಾತ್ರ ಎದೆ ಬೇಕು. ಅವರ ಹುಡುಗರು ಬೈಕಿನಲ್ಲಿ ದಿನಾ ಅದರ ಕೆಳಗೇ ಹಾದು ಹೋಗುತ್ತಿದ್ದರು. ಮೂಲೆಯೊಂದು ಗಾಳಿಗೆ ಬಿಚ್ಚಿಕೊಂಡರೆ ಮುನಿರಾಜು ತಾನೇ ಏಣಿ ಇಟ್ಟು ಕಟ್ಟುತ್ತಿದ್ದ. ಅದರ ಕಂಬಕ್ಕೇ ‘ರೂಮು ಬಾಡಿಗೆಗಿದೆ’ ಎಂಬ ರಟ್ಟನ್ನೂ ಸಿಕ್ಕಿಸಿದ್ದ. ಆ ಬೇಸಿಗೆ ಸುತ್ತಲ ಬೀದಿಗಳ ಬೋರುಗಳು ಬತ್ತಿ ಜನ ರೂಮು ಖಾಲಿ ಮಾಡುತ್ತಿದ್ದರು. ನಮ್ಮ ಬೀದಿಗೆ ಮಾತ್ರ ರಾಯಚೂರು, ಯಾದಗಿರಿ ಕಡೆಯಿಂದ ಹೊಸಬರು ಗಂಟುಮೂಟೆ ಹೊತ್ತು ಬಂದರು. ಬಂದವರು ಮೊದಲು ಫ್ಲೆಕ್ಸ್ ಓದುತ್ತಿದ್ದರು, ಆಮೇಲೆ ರಟ್ಟು. ನೀರು ಚಲೋ ಐತಂತಲ್ರಿ ಎಂದು ನನ್ನನ್ನು ಕೇಳಿದವರೂ ಇದ್ದಾರೆ. ಚೆನ್ನಾಗಿಲ್ಲ ಅಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಆಳೆತ್ತರದ ಶಾಸಕರನ್ನು ನೋಡಿ, ಮುನಿರಾಜುವಿನ ಮನೆಯ ಬಾಗಿಲು ತಟ್ಟಿದರು.

ಇದೆಲ್ಲ ನಿನಗೆ ಮೊದಲೇ ಹೊಳೆದಿತ್ತಾ ಎಂದು ಒಮ್ಮೆ ಮುನಿರಾಜುವನ್ನು ಕೇಳಿಬಿಟ್ಟೆ.

“ನನ್ ಮಕ ನೋಡಿ ಸಾ. ಅಷ್ಟ್ ಬುದ್ವಂತ ಆಗಿದ್ರೆ ನಾನೇ ಎಮ್ಮೆಲ್ಲೆ ಆಗ್ತಿರ್ಲಿಲ್ವಾ?”

ಅವನ ಮುಖ ನೋಡಿದೆ. ಈಗಲೂ ಮನಸ್ಸಿನಲ್ಲಿ ಆ ಮುಖವನ್ನು ತಿರುಗಿಸಿ ನೋಡುತ್ತೇನೆ, ಒಂದು ಬದಿಯಿಂದ ಕಳ್ಳನ ಹಾಗೆ, ಇನ್ನೊಂದು ಬದಿಯಿಂದ ಮೂರ್ಖನ ಹಾಗೆ ಕಾಣುತ್ತದೆ. ಎರಡರಲ್ಲಿ ಒಂದನ್ನು ಆರಿಸಿದರೆ ಕಥೆ ನೆಟ್ಟಗಾಗುತ್ತದೆ. ಆರಿಸಲಾರೆ. ಬೀದಿಯ ಹಿಂದೆ ಹೊಸ ಶೆಡ್ಡುಗಳಿಗೆ ಅಡಿಪಾಯ ತೋಡಲು ಶುರುಮಾಡಿದಾಗ ಅವನು ಅಲ್ಲಿ ಬರುವ ಕೆಲಸಗಾರರಿಗೆಂದು ಮಹಡಿಯ ಮೇಲೆ ಇನ್ನೆರಡು ರೂಮು ಎಬ್ಬಿಸಿದ. ಆ ಡ್ರಾಯಿಂಗು ಮಾಡಿಕೊಟ್ಟವನು ನಾನು.

ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂತು. ಯಾರಿಂದಲೂ ಆಗದ್ದನ್ನು ಅದು ಒಂದು ಮಧ್ಯಾಹ್ನ ಮಾಡಿತು: ಟೆಂಪೋದಲ್ಲಿ ಬಂದ ಕೆಲಸದವರು ಕುಡುಗೋಲಿನಿಂದ ಹಗ್ಗ ಕೊಯ್ದು ಫ್ಲೆಕ್ಸನ್ನು ನೆಲಕ್ಕೆ ಬೀಳಿಸಿದರು. ಅಷ್ಟು ಹೊತ್ತಿಗೆ ಶಾಂತಾಳಿಗೆ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಅವಳು ಹೆಣ್ಣುಕೂಸಿನ ಜೊತೆ ಮೆಟ್ಟಿಲ ಪಕ್ಕದ ರೂಮಿಗೆ ಬಂದಿದ್ದಳು. ಬೀಗರಿಗೆ ಕೊಟ್ಟ ಮಾತು ನೀರಿಗಾಗಿ ಕಾಯುವುದಿಲ್ಲ. ಯಲ್ಲವ್ವ ಓಡಿಹೋಗಿ ಕೆಲಸದವರ ಹತ್ತಿರ ಫ್ಲೆಕ್ಸ್ ಕೇಳಿ ಇಸಿದುಕೊಂಡಳು. ಸಾಮೂಹಿಕ ಬಚ್ಚಲಿನಲ್ಲಿ ಬಾಣಂತಿಗೆ, ಕೂಸಿಗೆ ಎರೆಯಲು ಜಾಗ ಸಾಲದು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕಲ್ಲು ಹಾಕಿ, ಕಾಲು ಚಾಚಿ ಕೂರುವಷ್ಟು ಜಾಗಕ್ಕೆ ಫ್ಲೆಕ್ಸನ್ನು ಮರೆಯಾಗಿ ಕಟ್ಟಿದಳು. ಶಾಸಕರ ಮುಖ ಹೊರಗೆ.

“ಹೆಣ್ಮಕ್ಕಳು ಮೀಯೂ ಕಡೆ ಆತ ಯಾಕ ನೋಡಬೇಕ್ರಿ? ಹೊರಗ ಕೈ ಮುಗಕೊಂಡು ನಿಂದ್ರಲಿ.”

ಕ್ಯಾನ್ ನೀರು ತರಿಸಿ, ಕಾಸಿ ಎರೆಯುತ್ತಿದ್ದಳು. ಬೆಳಿಗ್ಗೆ ನಾನು ಕೆಲಸಕ್ಕೆ ಇಳಿಯುವಾಗ ಶುದ್ಧ ನೀರು ಕೊಟ್ಟ ಹರಿಕಾರರು ನನಗೆ ಕೈ ಮುಗಿದಿರುತ್ತಿದ್ದರು. ಅವರ ಬೆನ್ನ ಹಿಂದೆ ಕೊಂಡು ತಂದ ನೀರು ಮೈಮೇಲೆ ಬಿದ್ದು ಕೂಸು ಕಿರುಚುತ್ತಿತ್ತು. ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆಂದ. ಕೆಲವರಿಗೆ ಇಲ್ಲಿಗೇ ನಿಲ್ಲಿಸಿ ಹೇಳಿದ್ದೇನೆ, ಅವರು ನಕ್ಕಿದ್ದಾರೆ, ನಾನೂ ನಕ್ಕಿದ್ದೇನೆ.

ಆದರೆ ಅದೇ ವಾರ ಒಂದು ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಫ್ಲೆಕ್ಸಿನ ಕೆಳಗಿನಿಂದ ನೀರು ಹರಿದು ಅಂಗಳದ ಸಿಮೆಂಟಿನ ಮೇಲೆ ಬರುತ್ತಿತ್ತು. ಅಂಚಿನಲ್ಲಿದ್ದ ಯಲ್ಲವ್ವನ ಚಿಕ್ಕ ಹಳದಿ ಮುಖವನ್ನು ತೋಯಿಸಿಕೊಂಡು ನನ್ನ ಚಪ್ಪಲಿಯವರೆಗೆ ಬಂತು. ಆ ಸಿಮೆಂಟು ಮುನಿರಾಜು ಹೊಸದಾಗಿ ಹಾಕಿಸಿದ್ದು, ಇನ್ನೂ ಬೆಳ್ಳಗಿತ್ತು. ನೀರು ಹಳದಿಯಾಗಿತ್ತು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಬಾಣಂತಿ, ಕೂಸು ಅಂದ ಮೇಲೆ ಅರಿಶಿನ ಇದ್ದೇ ಇರುತ್ತದೆ. ಅದೇ ಇರಬೇಕು ಅಂದುಕೊಂಡೆ. ಅಂದುಕೊಂಡು ಹೊರಟುಹೋಗಬಹುದಿತ್ತು.

“ಯಲ್ಲವ್ವಾ, ಇವತ್ತು ಅರಿಶಿಣ ಹಚ್ಚಿ ಎರೀತಿದ್ದೀರಾ?”

ಮರೆಯ ಆಚೆ ಚೊಂಬಿನ ಸದ್ದು ನಿಂತಿತು.

“ಇಲ್ರಿ ಸರ,” ಅಂದಳು. “ಕ್ಯಾನಿನಂವ ಇವತ್ತ ಬಂದಿಲ್ಲ.”

ಚೊಂಬು ಮತ್ತೆ ಬಕೆಟ್ಟಿನಲ್ಲಿ ಮುಳುಗಿದ ಸದ್ದು ಕೇಳಿಸಿತು.